ಹನ್ನೆರಡು ಮಿಲಿಮೀಟರ್

ಮಾರ್ಚ್ 2

ಪ್ರೀತಿಯ ದೊಡ್ಡಪ್ಪನಿಗೆ,

ನಮಸ್ಕಾರ. ಫೋನ್ ಮಾಡಿದರೆ ನಿಮಗೆ ಕಿವಿ ಕೇಳುವುದಿಲ್ಲ. ನಿಮ್ಮ ಪರವಾಗಿ ಅಲ್ಲಿ ನಿಮ್ಮ ಜೊತೆಗಿರುವ ಅಕ್ಕ ಮಾತಾಡಿದರೆ ಅವಳಿಗೆ ಲೇತ್ ಎಂದರೆ ತಲೆಬುಡ ಗೊತ್ತಿಲ್ಲ. ಹೋದ ಸಲ ಟೂಲ್ ಮೊಂಡಾಗಿದೆ ಎಂದದ್ದಕ್ಕೆ "ಬಿಸಾಕಿ ಹೊಸದು ತಗೊಳ್ಳೆ, ಚಾಕುಗಿಂತ ದುಬಾರಿನಾ?" ಎಂದಳು. ಹಾಗಾಗಿ ಈ ಕಾಗದ.

ನಾನು ಫ್ಯಾಕ್ಟರಿಯ ಇನ್‌ಸ್ಪೆಕ್ಷನ್ ಕೆಲಸ ಬಿಟ್ಟು ನಮ್ಮ ಶೆಡ್ಡಿನ ಲೇತ್ ಮುಂದೆ ನಿಂತು ಎಂಟು ತಿಂಗಳಾಯಿತು. ಹತ್ತು ವರ್ಷ ಬೇರೆಯವರು ಮಾಡಿದ್ದನ್ನು ಅಳೆದು "ಇದು ನಡೆಯಲ್ಲ, ಅದು ನಡೆಯಲ್ಲ" ಎಂದವಳು ಈಗ ನಾನೇ ಮಾಡಿ, ನಾನೇ ಅಳೆದು, ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ. ಡೇರಿಯ ಪಂಪುಗಳಿಗೆ ಬಳೆಯಂಥ ಕಂಚಿನ ಬುಶ್ ಮಾಡುವ ಕೆಲಸ ಸಿಗುವಂತಿದೆ. ಏಪ್ರಿಲ್ ಹನ್ನೆರಡಕ್ಕೆ ಅವರ ಕಡೆಯವರು ಬಂದು, ಎದುರಿಗೇ ನಿಂತು ಇಪ್ಪತ್ತು ಮಾಡಿಸಿ ನೋಡುತ್ತಾರೆ. ಒಪ್ಪಿದರೆ ವರ್ಷವಿಡೀ ಕೆಲಸ.

ಒಂದು ಬುಶ್‌ಗೆ ನಾಲ್ಕು ಟೂಲ್ ಬೇಕು. ಈಗಿರುವ ನಾಲ್ಕು ಮುಖದ ಟೂಲ್‌ಪೋಸ್ಟ್ ನಿಮಗೆ ಗೊತ್ತೇ ಇದೆ: ಹಿಡಿಕೆ ಸಡಿಲಿಸಿ, ಇಡೀ ಪೋಸ್ಟ್ ತಿರುಗಿಸಿ, ಮತ್ತೆ ಬಿಗಿ ಮಾಡಬೇಕು. ಟೂಲ್ ಬದಲಿಸಿದರೆ ಅಡಿಯಲ್ಲಿ ತಗಡಿನ ಪಟ್ಟಿಗಳನ್ನು ಇಟ್ಟು ತೆಗೆದು ಎತ್ತರ ಕೂರಿಸುವಷ್ಟರಲ್ಲಿ ಅರ್ಧ ಬೆಳಗ್ಗೆ ಕಳೆದಿರುತ್ತದೆ. ಅದಕ್ಕೇ ಕ್ವಿಕ್ ಚೇಂಜ್ ಪೋಸ್ಟ್ ಹಾಕಿಸಬೇಕು ಅಂತಿದ್ದೇನೆ. ಅದರಲ್ಲಿ ಒಂದೊಂದು ಟೂಲ್‌ಗೂ ಅದರದೇ ಹೋಲ್ಡರ್, ಎತ್ತರ ಒಮ್ಮೆ ಹೊಂದಿಸಿದರೆ ಮುಗಿಯಿತು. ಪೋಸ್ಟ್ ತಿರುಗಿಸುವ ಗೋಜೇ ಇಲ್ಲ. ಬೆಣೆ, ಅಂದರೆ ವೆಜ್ ಇರುವುದು ತೆಗೆದುಕೊಳ್ಳಲೋ, ಪಿಸ್ಟನ್ ಇರುವುದೋ? ಯಾವ ಸೈಜ್? ಲೇತ್ ಓಡಿಸಲು ಇದ್ದ ಟರ್ನರ್ ಹೋದ ವರ್ಷ ಬಿಟ್ಟುಹೋದ ಮೇಲೆ ಕೇಳಲು ನೀವೊಬ್ಬರೇ.

ಅಪ್ಪ ಚೆನ್ನಾಗಿದ್ದಾರೆ. ಆರ್ಡರ್ ಪುಸ್ತಕ ಅವರದು, ಲೇತ್ ನನ್ನದು. ಎರಡು ಬೆರಳು ಹೋದಾಗಿನಿಂದ ಈ ಹತ್ತೊಂಬತ್ತು ವರ್ಷದಲ್ಲಿ ಅವರು ಅದನ್ನು ಮುಟ್ಟಿಲ್ಲ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆಯುವುದು, ಬೀದಿ ತುದಿಯವರೆಗೆ ಹೋದವರು ವಾಪಸ್ ಬಂದು ನಾಲ್ಕನೇ ಸಲ ಎಳೆಯುವುದು ಹಾಗೇ ಇದೆ. "ಅಣ್ಣನ್ನ ಕೇಳು, ಅಣ್ಣ ಹೇಳಿದ್ದೇ ತಗೊ" ಎಂದಿದ್ದಾರೆ.

ನಿಮ್ಮ
ಮೊಳೆ


ಮಾರ್ಚ್ 8

ಮೊಳೆ,

ನಾನಿಟ್ಟ ಅಡ್ಡಹೆಸರಲ್ಲೇ ಸಹಿ ಹಾಕಿದ ನಿನ್ನ ಕಾಗದ ನೋಡಿ ಹತ್ತು ವರ್ಷ ಚಿಕ್ಕವನಾದೆ. ಇಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳುತ್ತಾರೆ ಎಂದರೆ "ಮಾತ್ರೆ ತಗೊಂಡ್ರಾ?" ಎಂದು ಮಾತ್ರ. ಅದೂ ಕೈಸನ್ನೆಯಲ್ಲಿ.

ವೆಜ್ ತೆಗೆದುಕೋ. ಕಣ್ಣು ಮುಚ್ಚಿ ತೆಗೆದುಕೋ. ಪಿಸ್ಟನ್‌ನದು ಹೋಲ್ಡರನ್ನು ಒಂದು ಗುಂಡಿಯಿಂದ ಒತ್ತಿ ಹಿಡಿಯುತ್ತದೆ. ಕೈ ಕುಲುಕಿ ಪರಿಚಯ ಮಾಡಿಕೊಂಡಂತೆ, ಅಷ್ಟೇ. ವೆಜ್‌ನದು ಹೋಲ್ಡರನ್ನು ಒಳಗಿನಿಂದ ಎಳೆದು ಉದ್ದಕ್ಕೂ ಕಚ್ಚಿಕೊಳ್ಳುತ್ತದೆ. ತೆಗೆದು ಹಾಕಿದರೂ ಮತ್ತೆ ಅದೇ ಜಾಗಕ್ಕೆ ಕೂರುತ್ತದೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಿನ್ನ ಇಪ್ಪತ್ತು ಬುಶ್ ಒಂದೇ ತಾಯಿ ಮಕ್ಕಳಂತೆ ಬರುತ್ತವೆ.

ಸೈಜ್ ವಿಷಯಕ್ಕೆ ಅಂಗಡಿಯವನ ಮಾತು ಕೇಳಬೇಡ. ಅವನ ಕಪಾಟಿನಲ್ಲಿ ಯಾವುದು ಧೂಳು ತಿನ್ನುತ್ತಿದೆಯೋ ಅದೇ ನಿನ್ನ ಲೇತ್‌ಗೆ ಸರಿ ಎನ್ನುತ್ತಾನೆ. ನೋಡಬೇಕಾದದ್ದು ಒಂದೇ ಅಳತೆ. ಪೋಸ್ಟ್ ಕೂರುವ ಸ್ಲೈಡ್‌ನ ಮೇಲ್ಮೈಯಿಂದ, ಕಂಬಿ ಹಿಡಿದು ತಿರುಗುವ ಚಕ್ಕಿನ ನಡುಮಧ್ಯಕ್ಕೆ, ಅಂದರೆ ಸೆಂಟರಿಗೆ, ಎಷ್ಟು ಎತ್ತರ? ನಮ್ಮದರಲ್ಲಿ ಮೂವತ್ತೇಳು ಮಿಲಿಮೀಟರ್. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅದಕ್ಕೆ ನಡು ಸೈಜ್ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ.

ನನ್ನ ಕಾಲದಲ್ಲಿ ಟೂಲ್ ಕಟ್ಟಿಕೊಡುವವನು ನಾನು, ಲೇತ್ ಓಡಿಸುವವನು ನಿಮ್ಮಪ್ಪ. ಈಗ ಎರಡೂ ನೀನೇ. ಬೀಗ ಎಳೆಯುವುದು ಬಿಡು ಎಂದು ಅವನಿಗೆ ಹೇಳು.

ದೊಡ್ಡಪ್ಪ


ಮಾರ್ಚ್ 13

ದೊಡ್ಡಪ್ಪ,

ಮೂವತ್ತೇಳು ಬರುತ್ತಿಲ್ಲ. ಇಪ್ಪತ್ತೈದು ಬರುತ್ತಿದೆ.

ಮೊದಲು ನನ್ನ ಕೈಯೇ ತಪ್ಪಿರಬೇಕು ಅಂದುಕೊಂಡೆ. ಕ್ಯಾಲಿಪರ್ ಬದಲಿಸಿ ಅಳೆದೆ. ಆಮೇಲೆ ಹೈಟ್ ಗೇಜ್ ತಂದು ಅಳೆದೆ. ಮೂರು ಸಲವೂ ಇಪ್ಪತ್ತೈದು. ಅಂಗಡಿಯವನಿಗೆ ಹೇಳಿದರೆ ನಕ್ಕ. "ಇದೇ ಮಾಡಲ್ ಲೇತ್ ನನ್ನ ಗಿರಾಕಿಗಳಲ್ಲಿ ಆರು ಜನದ ಹತ್ರ ಇದೆ ಮೇಡಂ, ಎಲ್ಲರದ್ದೂ ಮೂವತ್ತೇಳು. ನಿಮ್ಮದೇನು ಕುಳ್ಳಗಾಯ್ತಾ?" ಎಂದ. ಇಪ್ಪತ್ತೈದಾದರೆ ನಡು ಸೈಜಿನಲ್ಲಿ ಸರಿಯಾದ ಟೂಲ್ ಹಾಕಿದರೆ ಸೆಂಟರಿಗಿಂತ ಮೇಲೆ ನಿಲ್ಲುತ್ತದೆಯಂತೆ, ಚಿಕ್ಕ ಸೈಜಿಗೆ ಹೋಗಬೇಕಂತೆ. ಆದರೆ ಚಿಕ್ಕದು ನಮ್ಮ ಲೇತ್‌ನ ಗಾತ್ರಕ್ಕೆ ಆಟಿಕೆ.

ಇನ್ನೊಂದು ವಿಚಿತ್ರ. ತಗಡಿನ ಪಟ್ಟಿಗಳ ಹಳೇ ಡಬ್ಬಿಯ ತಳದಲ್ಲಿ ದಪ್ಪ ಪಟ್ಟಿಗಳ ಒಂದು ಕಂತೆ ಸಿಕ್ಕಿತು. ತುಕ್ಕು ಹಿಡಿದಿದೆ. ಅದರ ಮೇಲೆ ನಿಮ್ಮ ಕೈಬರಹದಲ್ಲಿ "ಹನ್ನೆರಡರ ಟೂಲ್‌ಗೆ ಇದು" ಎಂದಿದೆ. ಹನ್ನೆರಡು ಮಿಲಿಮೀಟರ್ ದಪ್ಪದ ಆ ಟೂಲ್‌ನ ಅಡಿ ಇಟ್ಟು ನೋಡಿದರೆ ಅದು ಸೆಂಟರಿಗಿಂತಲೂ ಸರಿಯಾಗಿ ಹನ್ನೆರಡು ಮಿಲಿಮೀಟರ್ ಮೇಲೆ. ಈಗ ನಾನು ಅದೇ ಟೂಲ್‌ಗೆ ಇಡುವುದು ಮೂರೇ ಮಿಲಿಮೀಟರಿನ ಪಟ್ಟಿ. ಅಪ್ಪನನ್ನು ಕೇಳಿದೆ. ಕಂತೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಪಟ್ಟಿ ಇಡೋದೆಲ್ಲ ಅಣ್ಣಂದು. ನಂಗೇನ್ ನೆನಪಿರುತ್ತೆ? ನನ್ನ ನೆನಪಿನ ಯೋಗ್ಯತೆ ಊರಿಗೇ ಗೊತ್ತು" ಎಂದು ವಾಪಸ್ ಕೊಟ್ಟರು.

ಹನ್ನೆರಡು ಮಿಲಿಮೀಟರ್ ಎಲ್ಲಿ ಹೋಯಿತು ದೊಡ್ಡಪ್ಪ? ಬೇಗ ಬರೆಯಿರಿ.

ಮೊಳೆ


ಮಾರ್ಚ್ 18

ಮೊಳೆ,

ನನಗೆ ವಯಸ್ಸಾಯಿತು. ಮೂವತ್ತೇಳು ಬೇರೆ ಯಾವುದೋ ಲೇತ್‌ನದು ಇರಬೇಕು, ಎಷ್ಟು ಲೇತ್ ಮುಂದೆ ನಿಂತಿಲ್ಲ ನಾನು. ಆ ಕಂತೆಯೂ ಅದರದ್ದೇ. ತಲೆ ಕೆಡಿಸಿಕೊಳ್ಳಬೇಡ.

ಇಪ್ಪತ್ತೈದಾದರೆ ಚಿಕ್ಕ ಸೈಜೇ ತೆಗೆದುಕೋ. ಇಲ್ಲವೇ ಈಗಿರುವ ಪೋಸ್ಟೇ ಇರಲಿ. ಹೊಸದೆಲ್ಲ ಒಳ್ಳೆಯದೇನಲ್ಲ. ಅಳತೆ ಇನ್ನೊಮ್ಮೆ ನೋಡು, ನೀನೂ ತಪ್ಪಿರಬಹುದು.

ಲೇತ್ ಮೇಲೆಯೇ ಟೂಲ್‌ನಿಂದ ಕತ್ತರಿಸುವ ಪಾರ್ಟಿಂಗ್ ಮಾತ್ರ ಬೇಡ. ಬುಶ್ ತಿರುಗಿಸಿ ಮುಗಿಸಿದ ಮೇಲೆ ಕಂಬಿಯನ್ನು ಬಿಚ್ಚಿ ಗರಗಸದಲ್ಲಿ ಕತ್ತರಿಸು. ಆ ಟರ್ನರನಿಗೂ ಅದನ್ನೇ ಹೇಳಿ ಬಂದಿದ್ದೆ. ನಿಮ್ಮಪ್ಪನ ಕಣ್ಣೆದುರು ಆ ಲೇತ್‌ನಲ್ಲಿ ಪಾರ್ಟಿಂಗ್ ಮಾಡುವುದು ಬೇಡ.

ದೊಡ್ಡಪ್ಪ


ಮಾರ್ಚ್ 23

ದೊಡ್ಡಪ್ಪ,

ನಿಮ್ಮ ಕಾಗದ ಓದಿ ಸಿಟ್ಟು ಬಂತು. ಹಾಗೆಂದು ನೇರವಾಗಿಯೇ ಬರೆಯುತ್ತಿದ್ದೇನೆ. ಹತ್ತು ವರ್ಷ ಅಳೆಯುವುದೇ ನನ್ನ ಅನ್ನವಾಗಿತ್ತು. ಮೂರು ಸಲ ಅಳೆದು ಬರೆದ ಅಂಕಿಗೆ "ನೀನೂ ತಪ್ಪಿರಬಹುದು" ಎಂದಿರಲ್ಲ! ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತೇನೆ ಎಂದವರು ಹತ್ತು ದಿನಕ್ಕೆ ಮರೆತೆ ಎನ್ನುತ್ತೀರಿ. ಹೆಂಗಸಿನ ಕೈಗೆ ಲೇತ್ ಹೋದದ್ದು ನಿಮಗೂ ಹಿಡಿಸಲಿಲ್ಲವೇನೋ. ಅದನ್ನಾದರೂ ಬಾಯಿಬಿಟ್ಟು ಹೇಳಿ.

ಮೊದಲ ಕಾಗದದಲ್ಲಿ ಸಮಯ ಉಳಿಸಲು ಹೊಸ ಪೋಸ್ಟ್ ಎಂದು ಬರೆದೆ. ಅದು ಅರ್ಧ ನಿಜ. ಉಳಿದದ್ದನ್ನು ಈಗ ಬರೆಯುತ್ತೇನೆ.

ನಾನು ಪೋಸ್ಟ್ ತಿರುಗಿಸಿದಾಗಲೆಲ್ಲ ಆ ಹಿಡಿಕೆ ಕರ್ ಎನ್ನುತ್ತದೆ. ಅದು ಕೇಳಿದ ಕೂಡಲೇ ಮುಂದಿನ ಕೋಣೆಯಿಂದ ಅಪ್ಪ ಕೂಗುತ್ತಾರೆ, "ಬಿಗಿ ಮಾಡಿದ್ಯಾ?" ನಾನು "ಹ್ಞೂ" ಎನ್ನಬೇಕು. ಎನ್ನದಿದ್ದರೆ ಎದ್ದು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ಒಳಗೆ ಬರುವುದಿಲ್ಲ. ಒಂದು ಬುಶ್‌ಗೆ ನಾಲ್ಕು ಸಲ. ದಿನಕ್ಕೆ ಎಷ್ಟು ಸಲವೆಂದು ನೀವೇ ಲೆಕ್ಕ ಹಾಕಿ. ಗಿರಾಕಿ ಕೂತಿದ್ದರೂ ಕೂಗುತ್ತಾರೆ. ಊಟದ ಮಧ್ಯೆ ತುತ್ತು ಹಿಡಿದು "ಎದ್ದು ಬರೋವಾಗ ಹಿಡಿಕೆ ಬಿಗಿ ಮಾಡಿದ್ದೆ ತಾನೇ?" ಎನ್ನುತ್ತಾರೆ. ಅವತ್ತು ಅವರು ಮರೆತರು, ಬೆರಳು ಹೋಯಿತು. ಅಷ್ಟಕ್ಕೇ ಮುಗಿಯಲಿಲ್ಲ ಅದು. ಸ್ಟವ್ ಹಚ್ಚುವುದಿಲ್ಲ, ಆರಿಸಲು ಮರೆಯುತ್ತೇನೆ ಎಂದು. ಅಕ್ಕನ ಮಗುವನ್ನು ಇವತ್ತಿಗೂ ಎತ್ತಿಕೊಂಡಿಲ್ಲ. ಎಲ್ಲೋ ಇಟ್ಟು ಮರೆಯುತ್ತೇನೆ ಎಂದು ತಮಾಷೆ ಮಾಡಿದರು, ಆದರೆ ಅದು ತಮಾಷೆಯಾಗಿರಲಿಲ್ಲ. ಕ್ವಿಕ್ ಚೇಂಜ್ ಪೋಸ್ಟಿನಲ್ಲಿ ತಿರುಗಿಸುವುದಿಲ್ಲ, ಆ ಕರ್ ಶಬ್ದವಿಲ್ಲ. ಶಬ್ದವಿಲ್ಲದಿದ್ದರೆ ಆ ಪ್ರಶ್ನೆಯೂ ನಿಲ್ಲಬಹುದು. ನನಗೆ ಬೇಕಾದದ್ದು ಅದು.

ನಿಮ್ಮ ಬಗ್ಗೆ ಅವರು ಏನು ಹೇಳುತ್ತಾರೆ ಗೊತ್ತೇ? "ನನ್ನಿಂದ ಅಷ್ಟು ದೊಡ್ಡ ಅನಾಹುತ ಆಯ್ತು, ಅಣ್ಣ ಒಂದು ಮಾತೂ ಬೈಲಿಲ್ಲ ಕಣೆ. ಅಂಥ ಮನಸ್ಸು ಯಾರಿಗಿದೆ?"

ನಡು ಸೈಜಿನ ವೆಜ್ ಪೋಸ್ಟ್ ತಂದಾಗಿದೆ. ಸ್ಲೈಡ್‌ನ ಮೇಲ್ಮೈಯನ್ನೇ ಹನ್ನೆರಡು ಮಿಲಿಮೀಟರ್ ತಗ್ಗಿಸಿದರೆ ಸರಿಹೋಗುತ್ತದೆ ಎಂದು ಮಿಲ್ಲಿಂಗ್‌ನವರು ಹೇಳಿದ್ದಾರೆ. ಮೂವತ್ತನೇ ತಾರೀಕು ಸ್ಲೈಡ್ ಬಿಚ್ಚಿ ಅವರಿಗೆ ಕೊಡುತ್ತೇನೆ. ಏಪ್ರಿಲ್ ಹನ್ನೆರಡಕ್ಕೆ ಬರುವ ಡೇರಿಯವರ ಎದುರು ಪಾರ್ಟಿಂಗ್ ಮಾಡಿಯೇ ತೋರಿಸುತ್ತೇನೆ. ಅವರ ಷರತ್ತೇ ಅದು.

ನಿಮ್ಮ ತಮ್ಮನ ಮಗಳು


ಮಾರ್ಚ್ 27 (ಕಾರ್ಡು)

ಮೊಳೆ,

ಸ್ಲೈಡ್ ಮಿಲ್ಲಿಂಗ್‌ಗೆ ಕೊಡಬೇಡ. ಹೊಸ ಪೋಸ್ಟ್ ಅದರ ಮೇಲೆ ಕೂರಿಸಬೇಡ. ಈ ಕಾರ್ಡು ಕೈಸೇರಿದ ಕ್ಷಣದಿಂದ ಆ ಲೇತ್ ಓಡಿಸಬೇಡ. ಕಾರಣ ಹಿಂದೆಯೇ ಬರುತ್ತದೆ. ನನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಇದೊಂದು ಮಾತು ಕೇಳು.

ದೊಡ್ಡಪ್ಪ


ಮಾರ್ಚ್ 28

ಮೊಳೆ,

ನಿನ್ನೆ ಕಾರ್ಡು ಹಾಕಿ ಬಂದೆ. ಕಾರ್ಡಿನಲ್ಲಿ ಜಾಗವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಜಾಗವಿತ್ತು. ಧೈರ್ಯವಿರಲಿಲ್ಲ.

ನಿನ್ನ ಅಳತೆ ಸರಿ. ನನ್ನ ಮೂವತ್ತೇಳೂ ಸರಿ. ನಿನ್ನ ಹನ್ನೆರಡು ಮಿಲಿಮೀಟರ್ ಎಲ್ಲೂ ಹೋಗಿಲ್ಲ, ಪೋಸ್ಟಿನ ಅಡಿಯಲ್ಲೇ ಇದೆ. ನೀನು ಸ್ಲೈಡ್‌ನ ಮೇಲ್ಮೈ ಎಂದುಕೊಂಡಿರುವುದು ಸ್ಲೈಡ್ ಅಲ್ಲ. ಅದು ನಾನು ಕೂರಿಸಿ, ಪುಟ್ಟಿ ಹಚ್ಚಿ, ಬಣ್ಣ ಬಳಿದ ಒಂದು ಪ್ಲೇಟು.

ಆ ಅನಾಹುತದ ಹಿಂದಿನ ದಿನ ಲೇತ್ ಮುಂದೆ ನಾನಿದ್ದೆ. ಒಬ್ಬ ಗಿರಾಕಿ ಬಂದಿದ್ದ. ಸ್ಲೈಡನ್ನು ತಾನಾಗಿ ಓಡಲು ಬಿಟ್ಟು, ಅವನ ಕಡೆ ತಿರುಗಿ ನನ್ನ ಪ್ರತಾಪ ಕೊಚ್ಚಿಕೊಳ್ಳುತ್ತಿದ್ದೆ. ಸ್ಲೈಡ್ ಹೋಗಿ ತಿರುಗುವ ಚಕ್ಕಿಗೆ ಬಡಿಯಿತು. ಪೋಸ್ಟನ್ನು ಹಿಡಿದಿಡುವ ಸ್ಲೈಡ್‌ನ ತೋಡಿನ ಅಂಚು ಮುರಿದು ಬಿತ್ತು. ನಿಮ್ಮಪ್ಪ ಮಾಲು ಕೊಡಲು ಹೋಗಿದ್ದ. ಆ ವಾರವೆಲ್ಲ ಅವನಿಗೆ "ಗಮನ ಇಟ್ಟು ಕೆಲಸ ಮಾಡು" ಎಂದು ಬೈದಿದ್ದೆ. ಈಗ ಯಾವ ಮುಖ ಹೊತ್ತು ಹೇಳಲಿ?

ಅವನು ಬರಲು ಎರಡು ಗಂಟೆ ಇತ್ತು. ಗುಜರಿಯಿಂದ ಒಂದು ಪ್ಲೇಟು ಆರಿಸಿ, ಮುರಿದ ಜಾಗದ ಮೇಲೆ ಇಟ್ಟು ನಾಲ್ಕು ಸ್ಕ್ರೂ ಹಾಕಿದೆ. ನಾಲ್ಕನೆಯದು ಬಿಗಿ ಮಾಡುವಾಗ ತುಂಡಾಯಿತು. ತೆಗೆಯಲು ಹೊತ್ತಿರಲಿಲ್ಲ. ಮೇಲೆ ಪುಟ್ಟಿ ತುಂಬಿ ಬಣ್ಣ ಹೊಡೆದೆ. ರಜೆಯ ದಿನ ಸದ್ದಿಲ್ಲದೆ ಸರಿಮಾಡೋಣ ಎಂದುಕೊಂಡೆ. ಬೆಳಗ್ಗೆ ನಿಮ್ಮಪ್ಪ "ಏನಣ್ಣ, ಲೇತ್‌ಗೆ ಮದುವೆನಾ?" ಎಂದು ನಕ್ಕ. ಟೂಲ್ ಕಟ್ಟುವವನು ನಾನೇ ಆದ್ದರಿಂದ ಪಟ್ಟಿ ಬದಲಾದದ್ದು ಅವನಿಗೆ ತಿಳಿಯಲಿಲ್ಲ.

ಅವನು ಪೋಸ್ಟ್ ತಿರುಗಿಸಿ ಪಾರ್ಟಿಂಗ್ ಟೂಲ್ ಮುಂದೆ ತಂದ. ಹಿಡಿಕೆ ಎಳೆದ. ನಾನು ನಾಲ್ಕು ಅಡಿ ದೂರದಲ್ಲಿದ್ದೆ. ಕಣ್ಣಾರೆ ನೋಡಿದೆ. ಅವನು ಬಿಗಿ ಮಾಡಿದ, ಮೊಳೆ. ಸರಿಯಾಗಿ ಬಿಗಿ ಮಾಡಿದ. ಆಮೇಲೆ ಪ್ಲೇಟು ಎದ್ದಿತು.

ಅಕ್ಕಪಕ್ಕದವರು ಅವನನ್ನು ಎತ್ತಿಕೊಂಡು ಓಡಿದರು. ನಾನು ಹಿಂದೆ ಉಳಿದೆ. ಪ್ಲೇಟನ್ನು ಬಡಿದು ಕೂರಿಸಿ ದಪ್ಪ ಸ್ಕ್ರೂಗಳನ್ನು ಹಾಕಿದೆ. ಆಮೇಲೆ, ಇದನ್ನು ಬರೆಯಲು ನಿನ್ನೆಯಿಂದ ಆಗುತ್ತಿಲ್ಲ, ಆಮೇಲೆ ಪೋಸ್ಟಿನ ಹಿಡಿಕೆಯನ್ನು ಅರ್ಧ ಸುತ್ತು ಸಡಿಲ ಮಾಡಿದೆ. ಬಂದವರಿಗೆಲ್ಲ ಅದನ್ನೇ ತೋರಿಸಿದೆ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನು ಕೇಳಿದ ಮೊದಲ ಮಾತು, "ಅಣ್ಣ, ನಾನು ಬಿಗಿ ಮಾಡಿದ್ದೆ ಅಲ್ವಾ?" ನಾನು ಅವನ ತಲೆ ಸವರಿ "ಮರೆತಿರ್ತೀಯ, ಬಿಡು, ಆಗೋದಾಯ್ತು" ಎಂದೆ.

ಬೈಯಲಿಲ್ಲ ಎಂದು ಹೊಗಳುತ್ತಾನಂತೆ. ನಿನ್ನ ಕಾಗದದಲ್ಲಿ ಆ ಸಾಲನ್ನು ಓದಿ ಎದ್ದು ಹೊರಗೆ ಹೋದೆ. ಎರಡು ತಿಂಗಳಿಗೇ ನಾನು ಆ ಊರು ಯಾಕೆ ಬಿಟ್ಟೆ ಎಂಬುದು ಈಗ ನಿನಗೆ ಗೊತ್ತಾಗಿರಬೇಕು. ಅವನು ಬೀಗ ಎಳೆಯುವುದನ್ನು ನೋಡಿಕೊಂಡು ಇರಲು ಆಗಲಿಲ್ಲ.

ಪ್ಲೇಟು ತೆಗೆದುಹಾಕು. ಆ ಸ್ಲೈಡ್ ಇನ್ನು ಕೆಲಸಕ್ಕೆ ಬಾರದು. ನಿಮ್ಮಪ್ಪನಿಗೆ ಏನೂ ಹೇಳಬೇಡ. ಈ ವಯಸ್ಸಿನಲ್ಲಿ ಅವನಿಗೆ ಯಾಕೆ? ಹಳೇ ಲೇತ್, ಸ್ಲೈಡ್ ಬಿರುಕು ಬಿಟ್ಟಿತ್ತು ಎಂದುಬಿಡು. ಕಾಗದ ಸುಟ್ಟುಹಾಕು.

ದೊಡ್ಡಪ್ಪ


ಮಾರ್ಚ್ 29

ದೊಡ್ಡಪ್ಪ,

ನಿಮ್ಮಿಂದ ಉತ್ತರವಿಲ್ಲ. ಸಿಟ್ಟು ಮಾಡಿಕೊಂಡಿದ್ದೀರಿ ಎಂದು ತಿಳಿಯುತ್ತೇನೆ. ಹೋದ ಕಾಗದದಲ್ಲಿ ನಾಲಿಗೆ ಉದ್ದ ಮಾಡಿದೆ, ಕ್ಷಮಿಸಿ. ಇವತ್ತು ಒಂದು ಸಂಗತಿ ನಡೆಯಿತು, ನಿಮ್ಮನ್ನು ಬಿಟ್ಟು ಯಾರನ್ನು ಕೇಳಲಿ?

ಸ್ಲೈಡ್ ಕೊಡುವುದು ನಾಳೆ ತಾನೇ, ಒಮ್ಮೆ ನೋಡೋಣ ಎಂದು ಹೊಸ ಪೋಸ್ಟನ್ನು ಹಾಗೇ ಕೂರಿಸಿದೆ. ಎಂಟು ಮಿಲಿಮೀಟರಿನ ಚಿಕ್ಕ ಟೂಲ್ ಹಾಕಿದರೆ ಹೇಗೋ ಸೆಂಟರಿಗೆ ಬರುತ್ತದೆ. ಒಂದು ಕಂಬಿಯನ್ನು ಪಾರ್ಟಿಂಗ್ ಮಾಡತೊಡಗಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಟಕ್ ಎಂದು ಶಬ್ದ. ಪೋಸ್ಟ್ ಒಂದು ಕ್ಷಣ ನನ್ನ ಕಡೆ ತಲೆ ಬಾಗಿಸಿದಂತೆ ಕಂಡಿತು. ಸ್ವಿಚ್ ಮೇಲೆ ಕೈ ಇದ್ದದ್ದರಿಂದ ಬದುಕಿದೆ.

ಅಪ್ಪ ಬಾಗಿಲಿಗೆ ಓಡಿ ಬಂದರು. "ಬಿಗಿ ಮಾಡಿರಲಿಲ್ವಾ?" ಎಂದರು. ನನಗೆ ಎಲ್ಲಿತ್ತೋ ಸಿಟ್ಟು, "ಮಾಡಿದ್ದೆ! ಮಾಡಿದ್ದೆ! ಮಾಡಿದ್ದೆ ಅಂತ ಎಷ್ಟು ಸಲ ಹೇಳ್ಲಿ?" ಎಂದು ಕಿರುಚಿದೆ. ಅವರು ಬೈಯಲಿಲ್ಲ. ಮೆಲ್ಲಗೆ "ನಾನೂ ಹಂಗೇ ಹೇಳ್ತಿದ್ದೆ ಕಣೆ, ಶುರುವಿನಲ್ಲಿ" ಎಂದು ಹೊರಟುಹೋದರು.

ಪೋಸ್ಟ್ ಮುಟ್ಟಿ ನೋಡಿದೆ. ಕಲ್ಲಿನಂತೆ ಬಿಗಿಯಾಗಿತ್ತು. ಆದರೆ ಅದರ ಕೆಳಗೆ, ಸ್ಲೈಡ್‌ನ ಬಣ್ಣದಲ್ಲಿ ಸುತ್ತಲೂ ಒಂದು ಬಿರುಕು ಎದ್ದಿದೆ. ಸ್ಕೇಲ್ ಇಟ್ಟು ಎಳೆದಂತೆ ನೇರ. ಕಬ್ಬಿಣ ಬಿರುಕು ಬಿಟ್ಟರೆ ಅಂಕುಡೊಂಕಾಗಿ ಬಿಡುತ್ತದೆ, ಇಷ್ಟು ನೇರವಾಗಿ ಬಿಡುವುದಿಲ್ಲ. ಇದು ಏನು ದೊಡ್ಡಪ್ಪ?

ಮೊಳೆ


ಏಪ್ರಿಲ್ 2

ದೊಡ್ಡಪ್ಪನವರಿಗೆ,

ನಿಮ್ಮ ಕಾರ್ಡೂ ಕಾಗದವೂ ಇವತ್ತು ಒಟ್ಟಿಗೇ ಬಂದವು. ನನ್ನ ಮಾರ್ಚ್ 29ರ ಕಾಗದ ನಿಮಗೆ ತಲುಪಿರಬೇಕು. ಹದಿನೈದು ದಿನ ಮೊದಲು ನೀವು ಬಾಯಿ ಬಿಟ್ಟಿದ್ದರೆ ಆ ಕಾಗದ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ನನ್ನ ಬೆರಳುಗಳನ್ನು ಎಣಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಆ ಬಿರುಕು ಕಂಡ ಮೇಲೆ ಸ್ಲೈಡನ್ನು ಮಿಲ್ಲಿಂಗ್‌ಗೆ ಕೊಟ್ಟಿರಲಿಲ್ಲ. ಇವತ್ತು ಅಪ್ಪ ಪೇಟೆಗೆ ಹೋದಾಗ ಪುಟ್ಟಿ ಕೆರೆದು ಪ್ಲೇಟು ಬಿಚ್ಚಿದೆ. ದಪ್ಪ ಸ್ಕ್ರೂ ಮೂರಿದ್ದವು. ನಾಲ್ಕನೆಯ ತೂತಿನಲ್ಲಿ ಆ ಮುರಿದ ತುಂಡು ಹಾಗೇ ಇದೆ. ಅಡಿಯಲ್ಲಿ ತೋಡಿನ ಅಂಚು ಹಲ್ಲು ಉದುರಿದ ಬಾಯಿಯಂತೆ ಕಾಣುತ್ತದೆ. ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಬೆಂಚಿನ ಕೆಳಗೆ ಇಟ್ಟಿದ್ದೇನೆ.

ಕೆಲಸದ ಮಾತು: ಮಿಲ್ಲಿಂಗ್‌ನವರು ಮುರಿದ ಸ್ಲೈಡ್ ನೋಡಿ ಅದನ್ನು ಬಿಟ್ಟೇಬಿಡಿ ಎಂದರು. ಅದರ ಜಾಗಕ್ಕೆ ಎರಕದ ಕಬ್ಬಿಣದ ಒಂದೇ ದಿಮ್ಮಿ ಮಾಡಿ ಬೋಲ್ಟ್ ಹಾಕಿ, ಅದರ ಮೇಲೆ ಪೋಸ್ಟ್. ಓರೆಯಾಗಿ ತಿರುಗಿಸುವ ಸೌಲಭ್ಯ ಹೋಗುತ್ತದೆ, ಬುಶ್‌ಗೆ ಅದು ಬೇಕಾಗಿಯೂ ಇಲ್ಲ. ಎತ್ತರವನ್ನು ಮೂವತ್ತೇಳಕ್ಕೇ ಇಡಲು ಹೇಳಿದ್ದೇನೆ. ಒಂಬತ್ತನೇ ತಾರೀಕಿಗೆ ಸಿಗುತ್ತದೆ.

ಮನೆಯ ಮಾತು: ಅಪ್ಪನಿಗೆ ನಾನು ಹೇಳಿಲ್ಲ. ಅವರಿಗೆ ಯಾಕೆ ಎಂದು ಕೇಳಿದ್ದೀರಿ. ನೀವು ಇದನ್ನು ಬರೆದ ಮರುದಿನವೇ ಅವರು ಪೇಟೆಗೆ ಹೊರಟು ಅರ್ಧ ದಾರಿ ನಡೆದು ವಾಪಸ್ ಬಂದರು, ನಲ್ಲಿ ನಿಲ್ಲಿಸಿದ್ದೇನೋ ಇಲ್ಲವೋ ಎಂದು. ನಿಂತಿತ್ತು. ಯಾವಾಗಲೂ ನಿಂತಿರುತ್ತದೆ. ಅವರು ಒಮ್ಮೆಯೂ ಏನನ್ನೂ ಮರೆತದ್ದನ್ನು ನಾನು ನೋಡಿಲ್ಲ.

ಕಾಗದ ಸುಟ್ಟಿಲ್ಲ, ಸುಡುವುದೂ ಇಲ್ಲ. ಆದರೆ ನಾನು ಓದಿ ಹೇಳುವುದೂ ಇಲ್ಲ. ಅವರು ಕೇಳಿದ್ದು ನಿಮ್ಮನ್ನು. ಉತ್ತರ ನೀವೇ ಬರೆಯಬೇಕು. ಹನ್ನೆರಡನೇ ತಾರೀಕಿನೊಳಗೆ ಅವರ ಹೆಸರಿಗೆ ಕಾಗದ ಬರದಿದ್ದರೆ ಬೆಂಚಿನ ಕೆಳಗಿನ ಬಟ್ಟೆ ಬಿಚ್ಚಿ ಅವರ ಮುಂದೆ ಇಡುತ್ತೇನೆ. ಆಮೇಲೆ ಆ ಪ್ಲೇಟು ಏನು ಹೇಳುತ್ತದೋ ಅದೇ.


ಏಪ್ರಿಲ್ 6

ಮೊಳೆ,

ಹಾಗೆ ಕರೆಯಬಹುದೋ ಇಲ್ಲವೋ ತಿಳಿಯದು.

ನಿನ್ನ 29ರ ಕಾಗದ ಮೂರನೇ ತಾರೀಕು ತಲುಪಿತು. ಆಮೇಲೆ ಊಟ ಸೇರಲಿಲ್ಲ. ನಿನ್ನ ಅಕ್ಕ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಹೊಟ್ಟೆ ಒತ್ತಿ ನೋಡಿ ಗ್ಯಾಸ್ ಎಂದರು.

ಜೊತೆಯ ಲಕೋಟೆ ನಿಮ್ಮಪ್ಪನಿಗೆ. ಐದಾರು ಸಲ ಬರೆದು ಹರಿದೆ. ಪ್ರತಿ ಸಲವೂ ನನ್ನ ಕಷ್ಟ, ನನ್ನ ಮಾನ ಎಂದು ಎರಡು ಪುಟ ಆಗುತ್ತಿತ್ತು. ಕೊನೆಗೆ ಅದನ್ನೆಲ್ಲ ಬಿಟ್ಟೆ. ಈಗ ಅರ್ಧ ಪುಟ ಇದೆ. ಅವನ ಕೈಗೇ ಕೊಡು. ಅವನು ಏನಂದ ಎಂದು ಬರೆ. ಏನೇ ಅಂದಿದ್ದರೂ, ಒಂದು ಮಾತೂ ಮೃದು ಮಾಡದೆ ಬರೆ.

ದಿಮ್ಮಿಯ ಯೋಚನೆ ಒಳ್ಳೆಯದು. ನನಗೆ ಹೊಳೆಯಬೇಕಿತ್ತು.


ಏಪ್ರಿಲ್ 14

ದೊಡ್ಡಪ್ಪ,

ಲಕೋಟೆ ಹತ್ತನೇ ತಾರೀಕು ಮಧ್ಯಾಹ್ನ ಬಂತು. ಕೊಟ್ಟೆ. ಅಣ್ಣನ ಅಕ್ಷರ ನೋಡಿ ಖುಷಿಯಿಂದ ಕನ್ನಡಕ ಹುಡುಕಿದರು. ನಾನು ಒಳಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ.

ತುಂಬಾ ಹೊತ್ತಾದ ಮೇಲೆ ಕರೆದರು. "ಪ್ಲೇಟ್ ಎಲ್ಲಿ?" ಎಂದರು. ತಂದು ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು ಆ ಮುರಿದ ಸ್ಕ್ರೂ ಇದ್ದ ತೂತಿನ ಮೇಲೆ ಹೆಬ್ಬೆರಳು ಆಡಿಸುತ್ತ ಕೂತರು. ಆಮೇಲೆ ಹೇಳಿದರು, "ಹಿಡಿಕೆ ಎಳೆದಾಗ ಕೊನೇಲಿ ಒಂದು ಪೆಟ್ಟು ಸಿಗುತ್ತಲ್ಲ, ಅದು ಕೈಗೆ ಸಿಕ್ಕಿತ್ತು ಕಣೆ ಅವತ್ತು. ನಂಗೆ ಗೊತ್ತಿತ್ತು. ಅಣ್ಣ ಸುಳ್ಳು ಹೇಳಲ್ಲ ಅಂತ, ಕೈಗೆ ಸಿಕ್ಕಿದ್ದನ್ನೇ ಸುಳ್ಳು ಮಾಡ್ಕೊಂಡೆ." ಅಪ್ಪ ಅತ್ತರು ದೊಡ್ಡಪ್ಪ. ನಾನು ಅವರು ಅಳುವುದನ್ನು ನೋಡಿದ್ದು ಇದೇ ಮೊದಲು.

ಮೃದು ಮಾಡದೆ ಬರೆ ಎಂದಿದ್ದೀರಿ, ಬರೆಯುತ್ತೇನೆ. ಅವರ ಮಾತು ಇದು: "ಬೆರಳಿನ ಲೆಕ್ಕ ಕೇಳ್ತಿಲ್ಲ ಅಂತ ಬರಿ. ಅವಸರದಲ್ಲಿ ಯಾರ ಕೈಲಾದ್ರೂ ತಪ್ಪಾಗುತ್ತೆ. ಆಸ್ಪತ್ರೆಲಿ ಕೇಳಿದ್ನಲ್ಲ, ಆಗ ಹೇಳಬೇಕಿತ್ತು. ಹತ್ತೊಂಬತ್ತು ವರ್ಷ ನನ್ನ ಕೈಗೆ ನಾನೇ ಹೆದರಿಕೊಂಡು ಬದುಕಿದೆ. ಅದನ್ನ ಹೆಂಗೆ ವಾಪಸ್ ಕೊಡ್ತಾನೆ ಕೇಳು." ನೀವು ಬರುವುದಾಗಿ ಬರೆದಿದ್ದಿರಂತೆ. ಅದಕ್ಕೆ, "ಈಗ ಬೇಡ. ಯಾವಾಗ ಅಂತ ನಾನೇ ಬರೀತೀನಿ" ಎಂದರು. ಬರೆಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮ್ಮ ಲಕೋಟೆಯನ್ನು ಮಾತ್ರ ಆರ್ಡರ್ ಪುಸ್ತಕದೊಳಗೆ ಇಟ್ಟುಕೊಂಡಿದ್ದಾರೆ.

ದಿಮ್ಮಿ ಒಂದು ದಿನ ತಡವಾಗಿ ಹತ್ತರಂದೇ ಸಿಕ್ಕಿತು, ಹನ್ನೊಂದರಂದು ಕೂರಿಸಿದೆ. ಹೈಟ್ ಗೇಜ್ ಇಟ್ಟು ನೋಡಿದೆ, ಮೂವತ್ತೇಳು. ಹನ್ನೆರಡರ ಬೆಳಗ್ಗೆ ಪೋಸ್ಟಿನ ದೊಡ್ಡ ನಟ್ ಬಿಗಿ ಮಾಡಬೇಕೆಂದು ಸ್ಪ್ಯಾನರ್ ಎತ್ತಿಕೊಂಡೆ. ಅಪ್ಪ ಬಾಗಿಲಲ್ಲಿದ್ದರು. ಹೊಸ್ತಿಲು ದಾಟಿ ಒಳಗೆ ಬಂದರು, ಕೈ ಚಾಚಿದರು. ಸ್ಪ್ಯಾನರ್ ಕೊಟ್ಟೆ. ಮೂರು ಬೆರಳಲ್ಲಿ ಹಿಡಿಯುವುದು ಹೇಗೆಂದು ಒಂದೆರಡು ಸಲ ಹಿಡಿದು ಬಿಟ್ಟು ನೋಡಿದರು. ಆಮೇಲೆ ಎಳೆದರು, ಒಂದೇ ಸಲ. ಸ್ಪ್ಯಾನರ್ ಬೆಂಚಿನ ಮೇಲಿಟ್ಟು ಹೋಗಿ ಮುಂದಿನ ಕೋಣೆಯಲ್ಲಿ ಕೂತರು.

ಡೇರಿಯವರು ಬಂದು ಮೂರು ಗಂಟೆ ನಿಂತರು. ಇಪ್ಪತ್ತು ಬುಶ್, ಇಪ್ಪತ್ತು ಪಾರ್ಟಿಂಗ್, ಎಲ್ಲ ಅಳತೆಗೆ ಬಂದವು. ಮುಂದಿನ ವಾರ ಹೇಳುತ್ತಾರಂತೆ. ಅಷ್ಟು ಹೊತ್ತೂ ನನ್ನ ಒಂದು ಕಿವಿ ಮುಂದಿನ ಕೋಣೆಯ ಕಡೆಯೇ ಇತ್ತು. ಅಪ್ಪ ಒಂದು ಸಲವೂ ಕೇಳಲಿಲ್ಲ.

ಅವರು ನಟ್ ಎಳೆದು ಹೋದ ಮೇಲೆ, ಡೇರಿಯವರು ಬರುವ ಮೊದಲು, ನಾನು ಸ್ಪ್ಯಾನರ್ ಹಾಕಿ ನೋಡಿದ್ದೆ. ನಾಚಿಕೆಯಾಗುತ್ತದೆ, ಆದರೂ ನೋಡಿದೆ. ಬಿಗಿಯಾಗಿಯೇ ಇತ್ತು.

ಮೊಳೆ